ಕಾಡುದಾರಿಯ ದೀರ್ಘ ಓಟ: ಹೊರಡುವ ಮುನ್ನ ನಿಲ್ಲುವ ಲೆಕ್ಕ

ಎರಡು ವರ್ಷದ ಹಿಂದಿನ ಮಾತು. ಒಂದು ಸಂಜೆ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ತಾಯಿ ಮತ್ತು ಮಗ ಬಂದರು. ಮಗನಿಗೆ 27ರ ಪ್ರಾಯ, ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಕುಳಿತದ್ದೇ ತಡ, ತಾಯಿ ಆರಂಭಿಸಿದರು: “ಇವ ಘಟ್ಟದ ಕಾಡಿನಲ್ಲಿ ಐವತ್ತು ಕಿಲೋಮೀಟರ್ ಓಡ್ತಾನಂತೆ ಡಾಕ್ಟ್ರೇ. ಬೇಡ ಅಂತ ನೀವೇ ಹೇಳಿ. ನನ್ನ ಮಾತು ಕೇಳುವುದಿಲ್ಲ.” ಮಗ ನಕ್ಕು, “ಉಮ್ಮಾ, ನಾವು ಬಂದದ್ದು ಕಾಲುನೋವಿಗೆ, ಓಟದ ಪಂಚಾತಿಕೆಗಲ್ಲ” ಎಂದ.

ಕಾಲು ನೋಡಿದೆ. ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನ ಒಳಬದಿಯಲ್ಲಿ ಒಂದೇ ಒಂದು ಜಾಗವನ್ನು ಬೆರಳ ತುದಿಯಿಂದ ಒತ್ತಿದಾಗ ಆತ ಕುರ್ಚಿಯಿಂದ ಎದ್ದೇಬಿಟ್ಟ. ರಾತ್ರಿ ಮಲಗಿದಾಗಲೂ ನೋವಿದೆಯಾ ಎಂದು ಕೇಳಿದೆ. ಹೌದು ಎಂದ. ಎಷ್ಟು ದಿನದಿಂದ? “ಮೂರು ವಾರ. ಆದರೆ ಓಡಲು ಶುರು ಮಾಡಿ ಎರಡು ಕಿಲೋಮೀಟರ್ ಆದ ಮೇಲೆ ಗೊತ್ತಾಗುವುದಿಲ್ಲ.” ಓಟಕ್ಕೆ ಇನ್ನು ಏಳು ವಾರ ಬಾಕಿಯಿತ್ತು. ಅವನ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ.

ಆ ತಾಯಿಯ ಪ್ರಶ್ನೆ ಈಗ ಹಲವು ಮನೆಗಳಲ್ಲಿ ಕೇಳಿಬರುತ್ತಿದೆ. ಬೆಂಗಳೂರು, ಮಂಗಳೂರುಗಳಲ್ಲಷ್ಟೇ ಅಲ್ಲ, ಗಲ್ಫ್‌ನಲ್ಲಿ ದುಡಿಯುತ್ತಿರುವ ನಮ್ಮ ಹುಡುಗರೂ ಅಲ್ಲಿನ ಮರಳು ಮತ್ತು ಕಲ್ಲುಬೆಟ್ಟಗಳ ಓಟಗಳಲ್ಲಿ ಹೆಸರು ನೋಂದಾಯಿಸುತ್ತಿದ್ದಾರೆ. ಮ್ಯಾರಥಾನ್ ಓಟದ ದೂರ 42.195 ಕಿ.ಮೀ. ಅದಕ್ಕಿಂತ ಹೆಚ್ಚಿನ ಯಾವುದೇ ದೂರವನ್ನು ಅಲ್ಟ್ರಾಮ್ಯಾರಥಾನ್ ಎನ್ನುತ್ತಾರೆ. ಡಾಮರು ರಸ್ತೆಯ ಬದಲು ಕಾಡು, ಗುಡ್ಡ, ಮರಳಿನ ದಾರಿಯಲ್ಲಿ ಓಡಿದರೆ ಅದು ಟ್ರೇಲ್ ಓಟ. ಐವತ್ತು ಕಿಲೋಮೀಟರಿನಿಂದ ನೂರು ಮೈಲಿಯವರೆಗೂ ಇಂತಹ ಓಟಗಳಿವೆ. ಹಗಲಿಡೀ, ಕೆಲವೊಮ್ಮೆ ರಾತ್ರಿಯನ್ನೂ ದಾಟಿ ಓಡಬೇಕಾಗುತ್ತದೆ.

ನಾನು ಓಟಕ್ಕೆ ವಿರೋಧಿಯಲ್ಲ. ಸಕ್ಕರೆ ಕಾಯಿಲೆ, ಬೊಜ್ಜು ಮನೆಮನೆಯಲ್ಲಿರುವ ಈ ಕಾಲದಲ್ಲಿ ಯುವಕನೊಬ್ಬ ಬೆಳಿಗ್ಗೆ ಐದು ಗಂಟೆಗೆ ಎದ್ದು ಶೂ ಕಟ್ಟುತ್ತಾನೆಂದರೆ ನನಗೆ ಸಂತೋಷವೇ. ಆದರೆ ಓಡಬೇಕೇ ಬೇಡವೇ ಎಂದು ಮನೆಯಲ್ಲಿ ಜಗಳವಾಡುವುದಕ್ಕಿಂತ, ಯಾವ ಲಕ್ಷಣ ಕಂಡರೆ ನಿಲ್ಲಬೇಕು ಎಂಬುದನ್ನು ಮನೆಯವರೆಲ್ಲ ಕುಳಿತು ಹೊರಡುವ ಮುಂಚೆಯೇ ತೀರ್ಮಾನಿಸಿಕೊಳ್ಳುವುದು ಮೇಲು. ದಾರಿಯ ನಡುವೆ ತೀರ್ಮಾನಿಸುತ್ತೇನೆ ಎಂದುಕೊಂಡವರು ಸಾಮಾನ್ಯವಾಗಿ ತಪ್ಪು ತೀರ್ಮಾನ ಮಾಡುತ್ತಾರೆ. ಅದು ಧೈರ್ಯದ ಅಥವಾ ಬುದ್ಧಿಯ ಕೊರತೆಯಿಂದಲ್ಲ, ದೇಹ ಕೆಲಸ ಮಾಡುವ ರೀತಿಯೇ ಹಾಗಿದೆ.

ಮರಳು ಮತ್ತು ಮಂಜುಮಳೆ

ಮೊರಾಕ್ಕೊದ ಸಹಾರಾ ಮರುಭೂಮಿಯಲ್ಲಿ ಪ್ರತಿವರ್ಷ ಮ್ಯಾರಥಾನ್ ಡೆ ಸಾಬ್ಲ್ ಎಂಬ ಓಟ ನಡೆಯುತ್ತದೆ. ಫ್ರಾನ್ಸ್‌ನ ಪ್ಯಾಟ್ರಿಕ್ ಬವರ್ 1986ರಲ್ಲಿ ಇದನ್ನು ಆರಂಭಿಸಿದರು. ಸುಮಾರು 250 ಕಿ.ಮೀ. ದೂರವನ್ನು ಹಲವು ದಿನಗಳಲ್ಲಿ ಕ್ರಮಿಸಬೇಕು. ಆಹಾರ, ಹಾಸಿಗೆ ಎಲ್ಲವೂ ಓಟಗಾರನ ಬೆನ್ನ ಮೇಲೆಯೇ ಇರಬೇಕು, ನೀರು ಮಾತ್ರ ಆಯೋಜಕರು ಕೊಡುತ್ತಾರೆ. ಅಲ್ಲಿನವರೇ ಆದ ಲಹ್ಸನ್ ಅಹನ್ಸಾಲ್ ಇದನ್ನು ಹತ್ತು ಸಲ ಗೆದ್ದಿದ್ದಾರೆ. ಅವರ ಸಹೋದರ ಮುಹಮ್ಮದ್ ಐದು ಸಲ ಗೆದ್ದರು.

1994ರಲ್ಲಿ ಈ ಓಟದಲ್ಲಿ ಇಟಲಿಯ ಮೌರೊ ಪ್ರೊಸ್ಪೆರಿ ಎಂಬ ಪೊಲೀಸ್ ಅಧಿಕಾರಿ ಭಾಗವಹಿಸಿದ್ದರು. ಆತ ಪಳಗಿದ ಕ್ರೀಡಾಪಟು. ದೀರ್ಘ ಹಂತದ ದಿನ ಮರಳುಗಾಳಿ ಎದ್ದಿತು. ಮರಳುಗಾಳಿ ಬಂದರೆ ಇದ್ದಲ್ಲೇ ನಿಂತು ಕಾಯಬೇಕು ಎಂಬುದು ಅಲ್ಲಿನ ನಿಯಮ. ಮುಂಚೂಣಿಯಲ್ಲಿದ್ದ ಪ್ರೊಸ್ಪೆರಿ ತನ್ನ ಸ್ಥಾನ ತಪ್ಪುತ್ತದೆಂದು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಮುಂದುವರಿದರು. ಗಾಳಿ ಇಳಿದಾಗ ದಾರಿ ಮಾಯವಾಗಿತ್ತು. ಪಾಳುಬಿದ್ದ ಒಂದು ದರ್ಗಾದಲ್ಲಿ ಆಶ್ರಯ ಪಡೆದು, ಬಾವಲಿಗಳನ್ನು ತಿಂದು ಜೀವ ಹಿಡಿದುಕೊಂಡರು. ಬಳಿಕ ಅಲೆಮಾರಿ ಕುಟುಂಬವೊಂದರ ಕಣ್ಣಿಗೆ ಬಿದ್ದರು. ಅಲ್ಲಿನ ಮಹಿಳೆಯರು ಆಡಿನ ಹಾಲು ಕುಡಿಸಿ ಉಪಚರಿಸಿದರು. ದಾರಿ ತಪ್ಪಿ ಸುಮಾರು ಹತ್ತು ದಿನಗಳಾಗಿದ್ದವು. ಅವರು ಗಡಿ ದಾಟಿ ಅಲ್ಜೀರಿಯಾ ಸೇರಿದ್ದರು, ತೂಕ 15 ಕಿಲೋಗಿಂತ ಹೆಚ್ಚು ಇಳಿದಿತ್ತು. ಇದಕ್ಕೆಲ್ಲ ಕಾರಣ, ಕಾಯಬೇಕಾದ ಹೊತ್ತಿನಲ್ಲಿ ಕಾಯದಿದ್ದದ್ದು.

ಇನ್ನೊಂದು ಘಟನೆ ಇನ್ನೂ ದುಃಖದ್ದು. 2021ರ ಮೇ 22ರಂದು ಚೀನಾದ ಗನ್ಸು ಪ್ರಾಂತ್ಯದ ಬೆಟ್ಟಗಳಲ್ಲಿ 100 ಕಿ.ಮೀ. ಟ್ರೇಲ್ ಓಟ ನಡೆಯಿತು. ಬೇಸಗೆ ಹತ್ತಿರವಾಗಿತ್ತು. ಹೆಚ್ಚಿನವರು ಚಡ್ಡಿ, ತೆಳು ಅಂಗಿಯಲ್ಲಿದ್ದರು. ಗಾಳಿ ತಡೆಯುವ ಜಾಕೆಟ್ ಕಡ್ಡಾಯವಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎತ್ತರದ ಬೋಳುಗುಡ್ಡದ ಮೇಲೆ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ ಒಟ್ಟಿಗೆ ಬಂದವು. 172 ಓಟಗಾರರಲ್ಲಿ 21 ಮಂದಿ ಚಳಿಯಿಂದ ಮೈ ತಣ್ಣಗಾಗಿ ಮೃತಪಟ್ಟರು. ಅವರಲ್ಲಿ ಚೀನಾದ ಅತ್ಯಂತ ಪ್ರಸಿದ್ಧ ಅಲ್ಟ್ರಾ ಓಟಗಾರ ಲಿಯಾಂಗ್ ಜಿಂಗ್ ಕೂಡ ಇದ್ದರು. ಅದೇ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ಝು ಕೆಮಿಂಗ್ ಎಂಬವರು ಆರು ಮಂದಿಯನ್ನು ತಾನಿದ್ದ ಗುಹೆಗೆ ಕರೆದೊಯ್ದು, ಬೆಂಕಿ ಹಾಕಿ, ಕಂಬಳಿ ಹೊದಿಸಿ ಉಳಿಸಿದರು. ಮಳೆ ಬಂದಾಗ ಕುರಿಗಾಹಿ ಗುಹೆಯೊಳಗೆ ಹೋಗುತ್ತಾನೆ. ಓಟಗಾರ ಮಾತ್ರ, ಇಷ್ಟು ದೂರ ಬಂದಾಯಿತಲ್ಲ ಎಂದು ಮುಂದಕ್ಕೆ ಹೋಗುತ್ತಾನೆ.

ಹೀಗೇಕೆ ಆಗುತ್ತದೆ? ದೇಹದ ಒಳ ಉಷ್ಣತೆ ಸಾಮಾನ್ಯವಾಗಿ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅದು 35ಕ್ಕಿಂತ ಕೆಳಗಿಳಿದರೂ, 40ಕ್ಕಿಂತ ಮೇಲೇರಿದರೂ ಬೇಗನೆ ಏಟು ಬೀಳುವ ಅಂಗಗಳಲ್ಲಿ ಮೆದುಳು ಒಂದು. ಹಾಗಾಗಿ ‘ನಾನು ಅಪಾಯದಲ್ಲಿದ್ದೇನೆ’ ಎಂದು ಗುರುತಿಸಬೇಕಾದ ಅಂಗವೇ ಮಂಕಾಗಿರುತ್ತದೆ. ಅವರೊಡನೆ ಮಾತಾಡಿದವರಿಗೆ ‘ಏನೋ ಸರಿಯಿಲ್ಲ’ ಅನ್ನಿಸುತ್ತದೆ, ಅವರಿಗೆ ಅನ್ನಿಸುವುದಿಲ್ಲ. ಆದ್ದರಿಂದ ನಿಲ್ಲುವ ನಿಯಮವನ್ನು ಮೆದುಳು ಚೆನ್ನಾಗಿರುವಾಗ, ಅಂದರೆ ಮನೆಯಲ್ಲಿರುವಾಗಲೇ ಬರೆದಿಡಬೇಕು.

ಆರು ತಿಂಗಳ ತಯಾರಿ

ಈಗಾಗಲೇ ವಾರಕ್ಕೆ ಮೂರು ನಾಲ್ಕು ದಿನ ಓಡುತ್ತಿರುವ, ಹತ್ತು ಹದಿನೈದು ಕಿಲೋಮೀಟರ್ ಆರಾಮವಾಗಿ ಓಡಬಲ್ಲ ವ್ಯಕ್ತಿಗೆ 50 ಕಿ.ಮೀ. ಕಾಡು ಓಟಕ್ಕೆ ಸಿದ್ಧನಾಗಲು ಕನಿಷ್ಠ ಆರು ತಿಂಗಳು ಬೇಕು. ಸೋಫಾದಿಂದ ಎದ್ದು ಬರುವವರಿಗೆ ಒಂದೂವರೆ ವರ್ಷ ಕೊಡಿ. ಎದೆಯುರಿ, ಎದೆಬಡಿತ, ತಲೆಸುತ್ತು ಇದ್ದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡಕ್ಕೆ ಔಷಧಿ ತೆಗೆದುಕೊಳ್ಳುವವರು, ಮನೆಯಲ್ಲಿ ಯಾರಾದರೂ ಚಿಕ್ಕ ಪ್ರಾಯದಲ್ಲಿ ಹಠಾತ್ತನೆ ಹೃದಯಾಘಾತದಿಂದ ತೀರಿಹೋಗಿದ್ದರೆ ಅಂಥವರು ತರಬೇತಿಗಿಂತ ಮುಂಚೆ ವೈದ್ಯರನ್ನು ಕಾಣಲೇಬೇಕು.

ಕಾಡುದಾರಿಯಲ್ಲಿ ಕಿಲೋಮೀಟರಿಗಿಂತ ಗಂಟೆಯ ಲೆಕ್ಕ ಮುಖ್ಯ. ಡಾಮರಿನಲ್ಲಿ ಒಂದು ಗಂಟೆಗೆ ಹತ್ತು ಕಿಲೋಮೀಟರ್ ಓಡುವವನಿಗೆ ಏರುದಾರಿಯಲ್ಲಿ ಐದು ಬಂದರೆ ಹೆಚ್ಚು. ಆದ್ದರಿಂದ ವಾರದ ದೀರ್ಘ ಓಟವನ್ನು ‘ಎರಡು ಗಂಟೆ’, ‘ಮೂರು ಗಂಟೆ’ ಎಂದು ಇಟ್ಟುಕೊಂಡು, ಮೆಲ್ಲ ಮೆಲ್ಲ ಐದು ಗಂಟೆಯವರೆಗೆ ಏರಿಸಬೇಕು. ಮೂರು ವಾರ ಏರಿಸಿದರೆ ನಾಲ್ಕನೆಯ ವಾರ ಇಳಿಸಬೇಕು. ಎಲುಬು, ಸ್ನಾಯುಗಳು ಗಟ್ಟಿಯಾಗುವುದು ಓಡುವಾಗಲ್ಲ, ಈ ವಿಶ್ರಾಂತಿಯ ಹೊತ್ತಿನಲ್ಲಿ. ತರಬೇತಿಯ ದಿನಗಳಲ್ಲಿ ಪೂರ್ತಿ ಐವತ್ತು ಕಿಲೋಮೀಟರ್ ಓಡಿ ನೋಡುವ ಅಗತ್ಯವಿಲ್ಲ. ಕೊನೆಯ ಎರಡು ಮೂರು ವಾರ ಓಟವನ್ನು ಅರ್ಧಕ್ಕೆ ಇಳಿಸಿ, ನಿದ್ದೆಯನ್ನು ಹೆಚ್ಚಿಸಬೇಕು. ಈ ಹೊತ್ತಿನಲ್ಲೇ ಅನೇಕರಿಗೆ ಗಾಬರಿಯಾಗಿ, ತಪ್ಪಿಹೋದ ಓಟಗಳನ್ನೆಲ್ಲ ಒಟ್ಟಿಗೆ ತುಂಬಿಸಲು ಹೊರಡುತ್ತಾರೆ. ಆ ಎರಡು ವಾರದಲ್ಲಿ ಹೊಸ ಶಕ್ತಿ ಏನೂ ಬರುವುದಿಲ್ಲ, ಗಾಯ ಮಾತ್ರ ಬರಬಹುದು.

ಏರು ನಡೆಯಬೇಕು. ಇದನ್ನು ನಾಚಿಕೆಯೆಂದು ತಿಳಿಯಬೇಡಿ, ಜಗತ್ತಿನ ದೊಡ್ಡ ಓಟಗಾರರೂ ಕಡಿದಾದ ಏರನ್ನು ನಡೆದೇ ಹತ್ತುತ್ತಾರೆ. ಇಳಿಜಾರೇ ಕಾಲನ್ನು ಹೆಚ್ಚು ಬಾಧಿಸುವುದು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕು. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳು ಇದರಿಂದ ಹರಿಯುತ್ತವೆ. ಊರಲ್ಲಿ ಗುಡ್ಡವಿಲ್ಲದವರು ಮೆಟ್ಟಿಲಿನಿಂದ ಮೆಲ್ಲನೆ, ಎಣಿಸಿ ಎಣಿಸಿ ಇಳಿಯುವುದನ್ನು ವಾರಕ್ಕೆ ಎರಡು ದಿನ ಅಭ್ಯಾಸ ಮಾಡಲಿ. ಜೊತೆಗೆ ಬಸ್ಕಿ, ಒಂಟಿಕಾಲಿನ ಮೇಲೆ ನಿಲ್ಲುವುದು, ಹಿಮ್ಮಡಿ ಎತ್ತಿ ಇಳಿಸುವುದು. ಈ ಮೂರಕ್ಕೆ ಯಾವ ಜಿಮ್ಮೂ ಬೇಡ.

ಯಾವ ನೋವು ಸುಮ್ಮನಿರುತ್ತದೆ, ಯಾವುದು ಇರುವುದಿಲ್ಲ

ಓಡುವವರಿಗೆ ನೋವು ಇದ್ದೇ ಇರುತ್ತದೆ. ಎಲ್ಲ ನೋವಿಗೂ ಹೆದರಿದರೆ ಓಡಲಾಗದು, ಯಾವ ನೋವಿಗೂ ಹೆದರದಿದ್ದರೆ ನಡೆಯಲೂ ಆಗದು. ದೀರ್ಘ ಓಟದ ಮರುದಿನ ಎರಡೂ ತೊಡೆಗಳು ಒಂದೇ ಸಮ ನೋಯುತ್ತಿದ್ದರೆ, ಎರಡು ಮೂರು ದಿನದಲ್ಲಿ ಇಳಿದರೆ ಅದು ಸ್ನಾಯುವಿನ ದಣಿವು. ಒಂದೇ ಕಾಲಿನಲ್ಲಿ, ಒಂದೇ ಜಾಗದಲ್ಲಿ, ದಿನದಿಂದ ದಿನಕ್ಕೆ ಹೆಚ್ಚುವ ನೋವಾದರೆ ಅದರ ಮಾತು ಕೇಳಬೇಕು.

ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗೆ ಅಂಗಾಲಿನ ಹಿಮ್ಮಡಿ ಬಳಿ ಚುಚ್ಚಿದರೆ ಅದು ಅಂಗಾಲಿನ ಪಟ್ಟಿಯ ತೊಂದರೆ. ಮೀನಖಂಡ ಮತ್ತು ಅಂಗಾಲನ್ನು ಎಳೆಯುವ ವ್ಯಾಯಾಮ, ಓಟದಲ್ಲಿ ಕಡಿತ, ಮನೆಯೊಳಗೂ ಮೆತ್ತನೆಯ ಚಪ್ಪಲಿ, ಇಷ್ಟರಿಂದ ಹೆಚ್ಚಿನವರಿಗೆ ಗುಣವಾಗುತ್ತದೆ, ಆದರೆ ತಿಂಗಳುಗಳ ತಾಳ್ಮೆ ಬೇಕು. ಮೊಣಕಾಲಿನ ಹೊರಬದಿಯಲ್ಲಿ, ಮುಖ್ಯವಾಗಿ ಇಳಿಜಾರಿನಲ್ಲಿ ನೋವು ಬಂದರೆ ಅದು ಸೊಂಟದಿಂದ ಮೊಣಕಾಲಿಗೆ ಬರುವ ಪಟ್ಟಿಯದ್ದು. ಇದಕ್ಕೆ ಮೊಣಕಾಲಿಗೆ ಎಣ್ಣೆ ತಿಕ್ಕುವುದಕ್ಕಿಂತ ಸೊಂಟದ ಬದಿಯ ಸ್ನಾಯುಗಳನ್ನು ಬಲಪಡಿಸುವುದು ಪ್ರಯೋಜನಕಾರಿ. ಹಿಮ್ಮಡಿಯ ಹಿಂಭಾಗದ ದಪ್ಪ ನರದಂತಹ ಸ್ನಾಯುರಜ್ಜು ನೋಯುತ್ತಿದ್ದರೆ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನ ಕೆಳಗಿಳಿಸುವ ವ್ಯಾಯಾಮವನ್ನು 15ರಂತೆ ಮೂರು ಸುತ್ತು, ದಿನಕ್ಕೆ ಎರಡು ಹೊತ್ತು, 12 ವಾರ ಮಾಡಿಸುತ್ತೇವೆ. ಎರಡು ವಾರ ಮಾಡಿ ‘ಏನೂ ಆಗಲಿಲ್ಲ’ ಎಂದು ಬಿಟ್ಟವರೇ ನನ್ನಲ್ಲಿ ಮತ್ತೆ ಮತ್ತೆ ಬರುವುದು.

ಇವೆಲ್ಲವನ್ನೂ ನಿಭಾಯಿಸಿಕೊಂಡು ತಯಾರಿ ಮುಂದುವರಿಸಬಹುದು. ನಿಭಾಯಿಸಲಾಗದ್ದು ಎಲುಬಿನ ಬಿರುಕು. ಬೆರಳ ತುದಿಯಷ್ಟು ಜಾಗದಲ್ಲಿ ಎಲುಬಿನ ಮೇಲೆಯೇ ನೋವು, ರಾತ್ರಿ ಮಲಗಿದಾಗಲೂ ನೋವು, ಒಂಟಿಕಾಲಲ್ಲಿ ಹಾರಿದರೆ ನೋವು ಇದರ ಲಕ್ಷಣ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಇದು ಕಾಣಿಸದೇ ಇರಬಹುದು. ‘ಎಕ್ಸ್‌ರೇ ಸರಿಯಿದೆ’ ಎಂಬ ಒಂದು ಮಾತನ್ನು ಹಿಡಿದುಕೊಂಡು ಓಡಿದವರು ಬಿರುಕನ್ನು ಪೂರ್ತಿ ಮುರಿತ ಮಾಡಿಕೊಂಡಿದ್ದಾರೆ. ತೊಡೆಸಂದಿಯಲ್ಲಿ ಇಂತಹ ನೋವಿದ್ದರಂತೂ ಒಂದು ದಿನವೂ ತಡಮಾಡದೆ ಮೂಳೆ ವೈದ್ಯರಲ್ಲಿ ಹೋಗಿ. ಅಲ್ಲಿ ಮುರಿದರೆ ಶಸ್ತ್ರಚಿಕಿತ್ಸೆಯಾಗಬೇಕು.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ಓಡುವ ಹುಡುಗಿಯ ಮುಟ್ಟು ಮೂರು ತಿಂಗಳು ನಿಂತರೆ ‘ವ್ಯಾಯಾಮ ಮಾಡುತ್ತಾಳಲ್ಲ, ಹಾಗೆ ಆಗುತ್ತದೆ’ ಎಂದು ಸುಮ್ಮನಿರಬೇಡಿ. ಓಡುವಷ್ಟಕ್ಕೆ ತಕ್ಕ ಊಟ ಹೊಟ್ಟೆಗೆ ಬೀಳುತ್ತಿಲ್ಲ ಎಂಬುದರ ಲಕ್ಷಣ ಅದಾಗಿರಬಹುದು. ಅಂತಹ ಹುಡುಗಿಯರಲ್ಲಿ ಎಲುಬಿನ ಬಿರುಕು ಹೆಚ್ಚು. ರಕ್ತದಲ್ಲಿ ಕಬ್ಬಿಣಾಂಶವನ್ನೂ ನೋಡಿಸಿ. ಮೈ ತುಂಬ ಬಟ್ಟೆ, ತಲೆವಸ್ತ್ರ ಧರಿಸಿ ಓಡಬಹುದೇ ಎಂದು ಕೇಳುತ್ತಾರೆ. ಸಹಾರಾದಲ್ಲಿ ಓಡುವ ಯುರೋಪಿನವರೂ ಬಿಸಿಲಿಗೆ ತಲೆ, ಕುತ್ತಿಗೆ ಮುಚ್ಚಿಕೊಳ್ಳುತ್ತಾರೆ. ಹತ್ತಿ ಬಟ್ಟೆ ಮಾತ್ರ ಬೇಡ, ಅದು ಬೆವರು ಹೀರಿ ಭಾರವಾಗಿ ಮೈ ಉಜ್ಜುತ್ತದೆ. ಬೇಗ ಒಣಗುವ ತೆಳು, ಸಡಿಲ ಬಟ್ಟೆ ಇರಲಿ. ನಮ್ಮ ಕರಾವಳಿಯಂತಹ ಸೆಕೆಯಲ್ಲಿ ಹೊತ್ತು ಬದಲಿಸಿ, ಬೆಳಕು ಹರಿಯುವ ಹೊತ್ತಿಗೆ ಓಡಲಿ.

ನೋವಿನ ಮಾತ್ರೆ

ಇದನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಇದು ನಾನೇ ಮಾಡಿದ ತಪ್ಪು. ವರ್ಷಗಳ ಹಿಂದೆ ನಾನೂ ಒಂದು ಗುಡ್ಡದ ಓಟಕ್ಕೆ ಹೋಗಿದ್ದೆ. ಮೊಣಕಾಲು ಸರಿಯಿರಲಿಲ್ಲ. ಬೆಳಿಗ್ಗೆ ಒಂದು, ಮಧ್ಯದಲ್ಲಿ ಎರಡು ನೋವಿನ ಮಾತ್ರೆ ನುಂಗಿ ಓಟ ಮುಗಿಸಿದೆ. ಸಂಜೆ ಮೂತ್ರ ಕೋಲಾ ಪಾನೀಯದ ಬಣ್ಣದಲ್ಲಿತ್ತು. ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದೆ. ರೋಗಿಗಳಿಗೆ ಬುದ್ಧಿ ಹೇಳುವ ಕೆಲಸದವರೇ ಹೀಗೆ ಮಾಡಿದ್ದು ಎಂದು ವಾರ್ಡಿನ ನರ್ಸ್ ನಕ್ಕದ್ದು ಈಗಲೂ ನೆನಪಿದೆ.

ಆದದ್ದೇನೆಂದರೆ, ದೀರ್ಘ ಓಟದಲ್ಲಿ ಹರಿದ ಸ್ನಾಯುಗಳಿಂದ ಒಂದು ಬಗೆಯ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕಟ್ಟುತ್ತದೆ. ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಕ್ಕೆ ರಕ್ತವೂ ಕಡಿಮೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ಮಾತ್ರೆಗಳು ಆ ರಕ್ತನಾಳಗಳನ್ನು ಇನ್ನಷ್ಟು ಬಿಗಿಗೊಳಿಸುತ್ತವೆ. ಮರುಭೂಮಿ ಓಟಗಳ 80 ಕಿ.ಮೀ. ಹಂತದಲ್ಲಿ 89 ಮಂದಿಯ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಐಬುಪ್ರೊಫೆನ್ ತೆಗೆದುಕೊಂಡವರಲ್ಲಿ ಶೇ. 52 ಮಂದಿಗೆ ಮೂತ್ರಪಿಂಡಕ್ಕೆ ಏಟು ಬಿದ್ದ ಸೂಚನೆ ಕಂಡಿತು. ಔಷಧಿಯಿಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲಿ ಅದು ಶೇ. 34. ಸಣ್ಣ ಅಧ್ಯಯನ, ಕೊನೆಯ ಮಾತೇನಲ್ಲ. ಆದರೂ ಓಟದ ದಿನ ಈ ಮಾತ್ರೆಗಳನ್ನು ಚೀಲದಲ್ಲಿ ಇಡಲೇಬೇಡಿ ಎನ್ನಲು ನನಗೆ ಅಷ್ಟು ಸಾಕು. ಇನ್ನೊಂದು ಕಾರಣವೂ ಇದೆ. ನೋವು ನಿಲ್ಲಿಸಿದ ಮಾತ್ರೆ, ನಿಲ್ಲು ಎನ್ನುವ ಕೂಗನ್ನೂ ನಿಲ್ಲಿಸಿರುತ್ತದೆ.

ನೀರು, ಉಪ್ಪು, ಊಟ

ಬಾಯಾರಿಕೆ ಇಲ್ಲದಿದ್ದರೂ ಕುಡಿಯುತ್ತಲೇ ಇರಿ ಎಂಬ ಹಳೆಯ ಉಪದೇಶ ಈಗ ಬಿದ್ದುಹೋಗಿದೆ. ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಮೆದುಳು ಊದಿಕೊಳ್ಳುತ್ತದೆ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಕೊಟ್ಟ 488 ಓಟಗಾರರಲ್ಲಿ ಶೇ. 13 ಮಂದಿಗೆ ಸೋಡಿಯಂ ಕಡಿಮೆಯಾಗಿತ್ತು. ಓಟದ ಹೊತ್ತಿನಲ್ಲೇ ತೂಕ ಏರಿಸಿಕೊಂಡವರಲ್ಲಿ ಈ ತೊಂದರೆ ಹೆಚ್ಚು. ತಲೆನೋವು, ವಾಂತಿ, ಊದಿದ ಬೆರಳು, ಗೊಂದಲದ ಮಾತು ಇದರ ಲಕ್ಷಣ. ಅಂಥವರಿಗೆ ‘ಪಾಪ, ಸುಸ್ತಾಗಿದೆ’ ಎಂದು ಇನ್ನೂ ನೀರು ಕುಡಿಸುವುದು ಅಪಾಯ. ಬಾಯಾರಿಕೆಯಂತೆ ಕುಡಿಯಿರಿ. ತರಬೇತಿಯ ಓಟಕ್ಕೆ ಮುಂಚೆ ಮತ್ತು ನಂತರ ತೂಕ ನೋಡಿಕೊಂಡರೆ ನಿಮ್ಮ ಬೆವರಿನ ಲೆಕ್ಕ ನಿಮಗೇ ತಿಳಿಯುತ್ತದೆ. ತೂಕ ಸ್ವಲ್ಪ ಇಳಿಯುವುದು ಸಹಜ, ಏರಬಾರದು. ಮೆಡಿಕಲ್‌ನಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣ ದುಬಾರಿ ಪಾನೀಯಗಳಿಗಿಂತ ಕಡಿಮೆಯದ್ದೇನಲ್ಲ. ಬರೆದಷ್ಟು ನೀರಿಗೇ ಹಾಕಿ, ಅರ್ಧ ನೀರಿಗೆ ಹಾಕಬೇಡಿ.

ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ದೇಹಕ್ಕೆ ಸಿಗಬೇಕು. ಬಾಳೆಹಣ್ಣು ಒಂದರಲ್ಲಿ ಸುಮಾರು 25 ಗ್ರಾಂ, ದೊಡ್ಡ ಜಾತಿಯ ಖರ್ಜೂರ ಒಂದರಲ್ಲಿ ಸುಮಾರು 15 ಗ್ರಾಂ ಇರುತ್ತದೆ. ಆದರೆ ಓಟದ ದಿನ ಹೊಸದೇನನ್ನೂ ತಿನ್ನಬೇಡಿ. ಹೊಟ್ಟೆಗೂ ತರಬೇತಿ ಬೇಕು. ಮನೆಯಲ್ಲಿ ಅಭ್ಯಾಸವಾದ ಖರ್ಜೂರ, ಉಪ್ಪುಗಂಜಿ, ಬೇಯಿಸಿದ ಆಲೂಗಡ್ಡೆಗೆ ಉಪ್ಪು, ಇವು ಎಷ್ಟೋ ಜನರಿಗೆ ಚೆನ್ನಾಗಿ ಒಗ್ಗುತ್ತವೆ.

ರಮಝಾನ್ ತಿಂಗಳು ತಯಾರಿಯ ನಡುವೆ ಬಂದರೆ ಏನು ಮಾಡಬೇಕೆಂದು ಪ್ರತಿವರ್ಷ ಕೇಳುತ್ತಾರೆ. ಆ ತಿಂಗಳನ್ನು ಏರಿಸುವ ತಿಂಗಳಾಗಿಸಬೇಡಿ, ಕಾಯ್ದುಕೊಳ್ಳುವ ತಿಂಗಳಾಗಿಸಿ. ಇಫ್ತಾರ್‌ಗೆ ಮುಂಚಿನ ಅರ್ಧ ಮುಕ್ಕಾಲು ಗಂಟೆ ನಡಿಗೆ ಅಥವಾ ಬಹಳ ಮೆಲ್ಲನೆಯ ಓಟ ಸಾಕು, ಏಕೆಂದರೆ ಮುಗಿಸಿದ ಕೂಡಲೇ ನೀರು ಸಿಗುತ್ತದೆ. ಸ್ವಲ್ಪ ಬಿರುಸಿನ ಓಟ ಬೇಕಿದ್ದರೆ ತರಾವೀಹ್‌ನ ನಂತರ ಇಟ್ಟುಕೊಳ್ಳಿ. ಸಹರಿಯ ನಂತರ ಓಡಿ ಇಡೀ ದಿನ ಬಾಯಾರಿ ಕೂರುವುದು ಬೇಡ. ನಿದ್ದೆ ತುಂಡಾಗುವ ತಿಂಗಳಾದ್ದರಿಂದ ಗಾಯವೂ ಬೇಗ ಆಗುತ್ತದೆ. ದೀರ್ಘ ಓಟವನ್ನು ಈದ್ ನಂತರ ಮತ್ತೆ ಆರಂಭಿಸಿದರೆ ಏನೂ ಕಳೆದುಕೊಳ್ಳುವುದಿಲ್ಲ.

ಬಿಸಿಲು, ಮಳೆ, ಪಾದ

ಸೆಕೆಗೆ ದೇಹ ಒಗ್ಗಲು 10ರಿಂದ 14 ದಿನ ಬೇಕು. ಆ ದಿನಗಳಲ್ಲಿ ಬೆವರು ಬೇಗ ಬರಲು, ಉಪ್ಪು ಕಡಿಮೆ ಹೋಗಲು ದೇಹ ಕಲಿಯುತ್ತದೆ. ಬೆಂಗಳೂರಿನ ತಂಪಿನಲ್ಲಿ ತಯಾರಾಗಿ ಕರಾವಳಿಗೋ ಗಲ್ಫ್‌ಗೋ ಓಡಲು ಬರುವವರು ಇದನ್ನು ಮರೆಯುತ್ತಾರೆ. ಕರಾವಳಿಯಲ್ಲಿ ಗಾಳಿಯ ತೇವದಿಂದಾಗಿ ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಓಟಗಾರ ತಡವರಿಸುತ್ತಿದ್ದರೆ, ಸಂಬಂಧವಿಲ್ಲದ ಮಾತಾಡಿದರೆ ಅದು ಬಿಸಿಲಿನ ಹೊಡೆತವೆಂದೇ ತಿಳಿದು ಮೊದಲು ಮೈ ತಣ್ಣಗಾಗಿಸಿ. ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ ತಲೆ ಹಿಡಿದುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಇಲ್ಲದಿದ್ದರೆ ಕೊಡಗಟ್ಟಲೆ ನೀರು ಸುರಿದು ಗಾಳಿ ಬೀಸಿ. ಆಂಬುಲೆನ್ಸ್ ಬರುವವರೆಗೆ ಕಾದರೆ ತಡವಾಗುತ್ತದೆ.

ಘಟ್ಟದ ಮೇಲೆ ಲೆಕ್ಕ ತಿರುಗುಮುರುಗಾಗುತ್ತದೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಚಳಿಯಿಂದ ಯಾರು ಸಾಯುತ್ತಾರೆ ಎಂದು ಕೇಳಬೇಡಿ. ಒದ್ದೆ ಬಟ್ಟೆ, ಬೀಸುವ ಗಾಳಿ, ಬರಿದಾದ ಹೊಟ್ಟೆ ಈ ಮೂರೂ ಸೇರಿದರೆ ಹತ್ತು ಹನ್ನೆರಡು ಡಿಗ್ರಿಯಲ್ಲೂ ಮೈ ತಣ್ಣಗಾಗುತ್ತದೆ. ಓಡುತ್ತಿರುವಾಗ ಗೊತ್ತಾಗದು, ಕಾಲುಳುಕಿ ನಡೆಯತೊಡಗಿದಾಗ ಗೊತ್ತಾಗುತ್ತದೆ. ಆದ್ದರಿಂದ ಹಗುರವಾದ ಮಳೆಜಾಕೆಟ್, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಒಣ ಬನಿಯನ್, ಹೆಡ್‌ಲೈಟ್, ಸೀಟಿ, ಚಾರ್ಜ್ ಇರುವ ಮೊಬೈಲ್, ಇವು ಆಯೋಜಕರು ಕೇಳಲಿ ಬಿಡಲಿ ಚೀಲದಲ್ಲಿರಬೇಕು. ಹೆಸರು ಕೊಡುವ ಮುಂಚೆ ಆಯೋಜಕರನ್ನೂ ವಿಚಾರಿಸಿ: ಎಷ್ಟು ಕಿಲೋಮೀಟರಿಗೊಂದು ತಂಗುದಾಣವಿದೆ, ವೈದ್ಯರು ಎಲ್ಲಿರುತ್ತಾರೆ, ಜೀಪು ಹೋಗದ ಜಾಗ ಯಾವುದು, ಹವಾಮಾನ ಕೆಟ್ಟರೆ ಓಟ ನಿಲ್ಲಿಸುವವರು ಯಾರು? ಉತ್ತರ ತೊದಲಿದರೆ ಆ ಓಟ ಬೇಡ.

ಪಾದದ ವಿಷಯದಲ್ಲಿ ನಮ್ಮವರಿಗೆ ಒಂದು ಅನುಕೂಲವೂ ಇದೆ, ಒಂದು ತೊಡಕೂ ಇದೆ. ದಾರಿಯಲ್ಲಿ ನಮಾಝ್‌ಗೆ ನಿಲ್ಲುವವರು ವುಝೂಗಾಗಿ ಶೂ ಕಳಚುತ್ತಾರೆ. ಆಗ ಪಾದ ನೋಡುವ ಅವಕಾಶ ಸಿಗುತ್ತದೆ. ಬಿಸಿ ಅನ್ನಿಸುವ ಕೆಂಪು ಜಾಗಕ್ಕೆ ಅಲ್ಲೇ ಟೇಪ್ ಅಂಟಿಸಿದರೆ ನೀರುಗುಳ್ಳೆ ಏಳುವುದಿಲ್ಲ. ಆದರೆ ಒದ್ದೆ ಪಾದಕ್ಕೆ ಹಾಗೆಯೇ ಕಾಲುಚೀಲ ಏರಿಸಿದರೆ ಚರ್ಮ ಮೆದುವಾಗಿ ಐದೇ ಕಿಲೋಮೀಟರಿನಲ್ಲಿ ಸುಲಿಯುತ್ತದೆ. ಒಂದು ಸಣ್ಣ ಒಣಬಟ್ಟೆ ಇಟ್ಟುಕೊಂಡು ಬೆರಳ ಸಂದಿಯನ್ನೂ ಒರೆಸಿ, ವ್ಯಾಸಲೀನ್ ಸವರಿ, ಮತ್ತೆ ಕಾಲುಚೀಲ ಹಾಕಿ. ಆ ಹತ್ತು ನಿಮಿಷವನ್ನು ಓಟದ ಸಮಯದಲ್ಲಿ ಮೊದಲೇ ಸೇರಿಸಿಡಿ, ಆಮೇಲೆ ಧಾವಂತವಾಗುವುದಿಲ್ಲ. ಮಳೆಗಾಲದ ಕಾಡಿನಲ್ಲಿ ಉಂಬಳ ಕಚ್ಚಿದರೆ ಹೆದರಬೇಡಿ. ಉಗುರಿನಿಂದ ಅದರ ಬಾಯಿಯ ಬದಿಯನ್ನು ಸರಿಸಿ ತೆಗೆದು, ಗಾಯವನ್ನು ಸಾಬೂನಿನಿಂದ ತೊಳೆಯಿರಿ. ಕಾಲಿನಲ್ಲಿ ಗಾಯವಿದ್ದು ಕೆಸರು, ನಿಂತ ನೀರಿನಲ್ಲಿ ಓಡಿದವರಿಗೆ ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಮೈಕೈನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ಓಟದ ವಿಷಯ ಹೇಳಿ. ಅದು ಇಲಿಜ್ವರ ಆಗಿರಬಹುದು.

ಚೀಟಿ

ಇನ್ನು ಆ ಹುಡುಗನ ವಿಷಯ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐ ಮಾಡಿಸಿದಾಗ ಎಲುಬಿನಲ್ಲಿ ಬಿರುಕಿನ ಆರಂಭ ಕಂಡಿತು. ಎಂಟು ವಾರ ಓಟ ನಿಂತಿತು. ಸೈಕಲ್ ತುಳಿದ, ಈಜಿದ. ಆ ವರ್ಷದ ಓಟ ತಪ್ಪಿತು, ಕಟ್ಟಿದ ಹಣವೂ ಹೋಯಿತು. ತಾಯಿಗೆ ಒಳಗೊಳಗೇ ಖುಷಿ. ಮುಂದಿನ ವರ್ಷ ಆತ ಮತ್ತೆ ಹೆಸರು ಕೊಟ್ಟಾಗ ಇಬ್ಬರೂ ಪುನಃ ಬಂದರು. ಈ ಸಲ ನಾನು ಒಂದು ಕಾಗದ ಕೊಟ್ಟು, ನಿಲ್ಲುವ ಷರತ್ತುಗಳನ್ನು ಆತನ ಕೈಯಲ್ಲೇ ಬರೆಸಿದೆ.

ನೋವಿನಿಂದ ಹೆಜ್ಜೆ ಕುಂಟತೊಡಗಿ ಹತ್ತು ನಿಮಿಷ ನಡೆದರೂ ಸರಿಯಾಗದಿದ್ದರೆ ನಿಲ್ಲುತ್ತೇನೆ. ನಡುಕದಿಂದ ಜಾಕೆಟಿನ ಜಿಪ್ ಎಳೆಯಲಾಗದಿದ್ದರೆ, ಅಥವಾ ನಡುಗುತ್ತಿದ್ದವನಿಗೆ ಮೈ ಬೆಚ್ಚಗಾಗದೆಯೇ ನಡುಕ ನಿಂತುಹೋದರೆ ನಿಲ್ಲುತ್ತೇನೆ. ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದರೆ ನಿಲ್ಲುತ್ತೇನೆ. ಒಂದು ಗಂಟೆ ಹೊತ್ತು ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲದಿದ್ದರೆ ನಿಲ್ಲುತ್ತೇನೆ. ನೂರರಿಂದ ಏಳೇಳು ಕಳೆಯುತ್ತಾ ಐದು ಸಲ ಲೆಕ್ಕ ಹೇಳಲಾಗದಿದ್ದರೆ, ಅಥವಾ ‘ನಿನ್ನ ಮಾತು ಸರಿಯಿಲ್ಲ’ ಎಂದು ಜೊತೆಯವರು ಹೇಳಿದರೆ, ವಾದಿಸದೆ ನಿಲ್ಲುತ್ತೇನೆ. ಕೊನೆಯದನ್ನು ತಾಯಿಯೇ ಸೇರಿಸಿದರು: ಪ್ರತಿ ತಂಗುದಾಣದಿಂದ ಮನೆಗೆ ಫೋನ್ ಮಾಡುತ್ತೇನೆ, ಸಿಗ್ನಲ್ ಇಲ್ಲದಿದ್ದರೆ ಅಲ್ಲಿರುವವರಲ್ಲಿ ಹೇಳಿ ಹೋಗುತ್ತೇನೆ. ಒಂದು ಪ್ರತಿ ಅವನ ಚೀಲಕ್ಕೆ, ಇನ್ನೊಂದು ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ.

ಓಟದ ದಿನ ಮಧ್ಯಾಹ್ನದ ನಂತರ ಕಾಫಿ ತೋಟದ ಮೇಲಿನ ಗುಡ್ಡದಲ್ಲಿ ಮಳೆ ಹಿಡಿಯಿತು. 38ನೇ ಕಿಲೋಮೀಟರಿನಲ್ಲಿ ಆತನ ಕಣಕಾಲು ಉಳುಕಿತು. ನಡೆದ, ಕುಂಟಿದ, ಒದ್ದೆಯಾದ. ತಂಗುದಾಣ ತಲುಪಿದಾಗ ಜಿಪ್ ಎಳೆಯಲು ಬೆರಳು ಬರಲಿಲ್ಲ. ಇನ್ನು 12 ಕಿಲೋಮೀಟರ್ ಇದೆ, ಸಮಯವೂ ಇದೆ, ಹೋಗಬಹುದು ಎಂದು ಪಕ್ಕದ ಓಟಗಾರ ಹುರಿದುಂಬಿಸಿದನಂತೆ. ಇವ ಚೀಟಿ ತೆಗೆದು ಸ್ವಯಂಸೇವಕನ ಕೈಗೆ ಕೊಟ್ಟು, “ಇದನ್ನು ಓದಿ, ನನಗೆ ಈಗ ಅಕ್ಷರ ಕಾಣುವುದಿಲ್ಲ” ಎಂದ. ಅವರು ಓದಿ, ಒಣ ಬನಿಯನ್ ತೊಡಿಸಿ, ಕಂಬಳಿ ಹೊದಿಸಿ ಜೀಪಿಗೆ ಹತ್ತಿಸಿದರು.

ರಾತ್ರಿ ಒಂಬತ್ತಕ್ಕೆ ತಾಯಿಯ ಫೋನ್ ಬಂತು. “ಬಂದ ಡಾಕ್ಟ್ರೇ. ಬಿಸಿ ಗಂಜಿ ಕುಡಿದು ಮಲಗಿದ್ದಾನೆ. ಕಾಲು ಊದಿದೆ, ಐಸ್ ಇಟ್ಟಿದ್ದೇನೆ. ಸೋಮವಾರ ಕರೆದುಕೊಂಡು ಬರಲಾ?” ಸ್ವಲ್ಪ ತಡೆದು ಮತ್ತೆ ಕೇಳಿದರು: “ಬರುವ ವರ್ಷದ ಓಟ ಯಾವ ತಿಂಗಳಲ್ಲಿ? ರಮಝಾನ್ ಹತ್ತಿರ ಬರುತ್ತದಾ?”